ಊರಿಗೆ ಯಾವುದು ಬೇಕು: ರಸ್ತೆ ಅಗಲೀಕರಣವೋ, ಬೈಪಾಸೋ?

ನಿಮ್ಮ ಊರಿನ ಸಭೆಯಲ್ಲಿ ಈ ಪ್ರಶ್ನೆ ಬಂದರೆ, ಮೊದಲು ಬೆಂಗಳೂರು–ಮೈಸೂರು ರಸ್ತೆಯನ್ನು ನೋಡಿ. ಅಲ್ಲಿ ಎರಡೂ ಆಗಿವೆ.

ಮೊದಲು ಹಳೇ ರಸ್ತೆಯನ್ನೇ ನಾಲ್ಕು ಪಥ ಮಾಡಿದರು. ಆದರೂ ರಾಮನಗರ, ಚನ್ನಪಟ್ಟಣ, ಮಂಡ್ಯದ ಒಳಗೆ ಜಾಮ್ ತಪ್ಪಲಿಲ್ಲ. ಕಬ್ಬಿನ ಗಾಡಿ, ಲಾರಿ, ಶಾಲೆ ಮಕ್ಕಳ ಆಟೋ ಎಲ್ಲವೂ ಒಂದೇ ಸಿಗ್ನಲ್‌ನಲ್ಲಿ ನಿಲ್ಲಬೇಕಿತ್ತು. ಮಗುವಿನ ಕೈ ಹಿಡಿದ ತಾಯಿ ಡಿವೈಡರ್ ಮೇಲೆ ನಿಂತು, ಲಾರಿ ಸಾಲು ಮುಗಿಯಲಿ ಅಂತ ಕಾಯುತ್ತಿದ್ದಳು. ಅಗಲ ಮಾಡಿದರೆ ಹಾದುಹೋಗುವ ವಾಹನ ಊರೊಳಗೇ ಉಳಿಯುತ್ತದೆ, ವೇಗ ಮಾತ್ರ ಜಾಸ್ತಿಯಾಗುತ್ತದೆ. ಜತೆಗೆ ಅಂಗಡಿ, ಮನೆ, ಮರ ಹೋಗುತ್ತವೆ.

2023ರ ಮಾರ್ಚ್‌ನಲ್ಲಿ ಹೊಸ ಹೆದ್ದಾರಿ ಉದ್ಘಾಟನೆಯಾಯಿತು. ಬಿಡದಿ, ರಾಮನಗರ–ಚನ್ನಪಟ್ಟಣ, ಮಂಡ್ಯ, ಶ್ರೀರಂಗಪಟ್ಟಣಕ್ಕೆ ಬೈಪಾಸ್ ಬಂತು. ಊರೊಳಗೆ ಉಸಿರಾಡಲು ಜಾಗ ಸಿಕ್ಕಿತು. ಆದರೆ ಬೆಲೆಯೂ ಇದೆ: ರೈತರ ಜಮೀನು ಹೋಯಿತು, ಟೋಲ್ ಬಂತು. ಹೋಗುತ್ತಾ ಬರುತ್ತಾ ಕಾರು ನಿಲ್ಲಿಸಿ ಗೊಂಬೆ ಕೊಳ್ಳುತ್ತಿದ್ದವರು ಚನ್ನಪಟ್ಟಣದ ಅಂಗಡಿಗಳಿಗೆ ಕಡಿಮೆಯಾದರು. ಈ ನೋವನ್ನು ಸುಮ್ನೆ ತಳ್ಳಿಹಾಕಬಾರದು. ಇನ್ನು 2023ರ ಆಗಸ್ಟ್‌ನಿಂದ ಬೈಕ್, ಆಟೋ, ಟ್ರ್ಯಾಕ್ಟರ್‌ಗೆ ಮುಖ್ಯ ಪಥದಲ್ಲಿ ಪ್ರವೇಶವಿಲ್ಲ. ಸರ್ವಿಸ್ ರಸ್ತೆ ಸರಿಯಿಲ್ಲದಿದ್ದರೆ ಹಳ್ಳಿಯವರ ಗತಿ ಏನು, ಹೇಳಿ?

ನನ್ನ ಮಾತು ಇಷ್ಟೇ. ಜಾಮ್‌ನಲ್ಲಿ ನಿಂತ ವಾಹನಗಳನ್ನು ಎಣಿಸಿ. ಹೆಚ್ಚಿನವು ಬೇರೆ ಊರಿಗೆ ಹೋಗುವವಾದರೆ ಬೈಪಾಸ್ ಕೇಳಿ, ಜತೆಗೆ ಒಳ್ಳೆಯ ಸರ್ವಿಸ್ ರಸ್ತೆ, ಅಂಡರ್‌ಪಾಸ್ ಕೂಡ ಕೇಳಿ. ಹೆಚ್ಚಿನವು ಊರಿನವೇ ಆದರೆ ಬೈಪಾಸ್ ಬಂದರೂ ಸಂತೆ ಬೀದಿ ಹಾಗೇ ಇರುತ್ತದೆ. ಅಲ್ಲಿ ಮೊದಲು ಪಾರ್ಕಿಂಗ್, ಫುಟ್‌ಪಾತ್ ಸರಿಮಾಡಿಸಿ.