ಕೊಡಗಿನ ದಾರಿಗಳಲ್ಲಿ ಓಎಸ್‌ಎಂಆಂಡ್: ಹೆಜ್ಜೆ ದಾಖಲಿಸಲು ಎಷ್ಟು ನಂಬಬಹುದು?

ಕಕ್ಕಬ್ಬೆ ದಾಟಿದರೆ ನೆಟ್‌ವರ್ಕ್ ಭರವಸೆ ಇಲ್ಲ. ಅಲ್ಲಿ ನೆಟ್‌ವರ್ಕ್ ಇಲ್ಲದೆಯೂ ನಕ್ಷೆ ತೋರಿಸುವ ಓಎಸ್‌ಎಂಆಂಡ್ ಆ್ಯಪ್ ಗೆಲ್ಲುತ್ತದೆ: ಕರ್ನಾಟಕದ ನಕ್ಷೆಯನ್ನು ವೈಫೈ ಇರುವಾಗಲೇ ಇಳಿಸಿಕೊಂಡರೆ ಸಾಕು, ಉಳಿದದ್ದನ್ನು ಜಿಪಿಎಸ್ ನೋಡಿಕೊಳ್ಳುತ್ತದೆ.

ಜನ ಎಲ್ಲಿ, ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ತಿಳಿಯಬೇಕಿದ್ದರೆ ಆ್ಯಪ್‌ನ ಟ್ರಿಪ್ ರೆಕಾರ್ಡಿಂಗ್ ಪ್ಲಗಿನ್‌ನಲ್ಲಿ ಬಿಂದು ದಾಖಲಿಸುವ ಅಂತರವನ್ನು 5 ಸೆಕೆಂಡಿಗೆ ಇಡಿ. ಕನಿಷ್ಠ ಚಲನೆಯ ಫಿಲ್ಟರ್ ಬೇಡ. ಅದನ್ನು ಹಾಕಿದರೆ ನಿಂತ ಜಾಗದ ಬಿಂದುಗಳೇ ದಾಖಲಾಗುವುದಿಲ್ಲ. ಮೊಬೈಲಿನ ಬ್ಯಾಟರಿ ಉಳಿತಾಯದಿಂದ ಆ್ಯಪ್‌ಗೆ ವಿನಾಯಿತಿ ಕೊಡಿ, ಇಲ್ಲವಾದರೆ ಪರದೆ ಆರಿದ ಮೇಲೆ ದಾಖಲೆ ತುಂಡಾಗಬಹುದು.

ಸಿಲ್ವರ್ ಓಕ್ ದಟ್ಟವಾಗಿರುವ ಕಾಫಿ ತೋಟದಲ್ಲಿ ಗೆರೆ ಅಂಕುಡೊಂಕಾಗುತ್ತದೆ. ಅದು ಆ್ಯಪ್‌ನ ತಪ್ಪಲ್ಲ, ಎಲೆ-ಕೊಂಬೆಗಳು ಸಂಕೇತವನ್ನು ತಡೆದು ಚದುರಿಸುತ್ತವೆ. ಎತ್ತರದ್ದು ಬೇರೆ ಕಥೆ. ಜಿಪಿಎಸ್‌ನ ಕಚ್ಚಾ ಎತ್ತರ ಈ ಭಾಗದಲ್ಲಿ ಸಮುದ್ರಮಟ್ಟದ ಲೆಕ್ಕಕ್ಕಿಂತ ಸುಮಾರು 90 ಮೀಟರ್ ಕಡಿಮೆ ಬರುತ್ತದೆ. 1748 ಮೀಟರಿನ ತಡಿಯಂಡಮೋಳ್ ಶಿಖರ ಕುಗ್ಗಿದಂತೆ ಕಂಡರೆ ಗಾಬರಿ ಬೇಡ, ಎತ್ತರ ತಿದ್ದುಪಡಿಯ ಫೈಲ್ ಇಳಿಸಿಕೊಳ್ಳಿ.

ನಿಂತ ಜಾಗಗಳನ್ನು ಗುಂಪು ಮಾಡಿ ನೋಡುವ ವಿಶ್ಲೇಷಣೆ ಮಾತ್ರ ಈ ಆ್ಯಪ್‌ನ ಕೈಲಾಗದ ಕೆಲಸ. ದಾಖಲಾದ ಜಿಪಿಎಕ್ಸ್ ಫೈಲನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶಕ್ಕೆ ಹಾಕಿ, ಬಿಂದುಗಳನ್ನು ಡಿಗ್ರಿಯಿಂದ ಮೀಟರ್ ಲೆಕ್ಕದ ಯುಟಿಎಂ 43 ಉತ್ತರ ವಲಯಕ್ಕೆ ಬದಲಿಸಿ, ಆಮೇಲೆ ಹತ್ತಿರದ ಬಿಂದುಗಳನ್ನು ಗುಂಪು ಮಾಡುವ ಡಿಬಿಸ್ಕ್ಯಾನ್ ನಡೆಸಿ: 30 ಮೀಟರ್ ದೂರ, ಕನಿಷ್ಠ 120 ಬಿಂದು, ಅಂದರೆ ಹತ್ತು ನಿಮಿಷದ ನಿಲುಗಡೆ. ವಲಯ ಬದಲಿಸದಿದ್ದರೆ ಆ 30 ಅನ್ನು ಅದು ಡಿಗ್ರಿ ಎಂದೇ ಓದುತ್ತದೆ. ಇಡೀ ಕೊಡಗು ಒಂದೇ ಗುಂಪು! ಒಂದೇ ಜಾಗವನ್ನು ಬೆಳಿಗ್ಗೆ, ಸಂಜೆ ಹಾದವರಿಗೆ ಸಮಯವನ್ನೂ ಗಣಿಸುವ ಎಸ್‌ಟಿ-ಡಿಬಿಸ್ಕ್ಯಾನ್ ಒಳ್ಳೆಯದು. ಫೈಲ್ ಹಂಚುವ ಮೊದಲು ಮನೆಯ ಸುತ್ತಲಿನ ಬಿಂದುಗಳನ್ನು ಕತ್ತರಿಸಿ.