ಶಾಲೆಗೆ ಸೇರುವ ಮುನ್ನ: ಇಲಿಮರಿಯ ಕಥೆಯೋ, ರಕೂನ್ ಮರಿಯ ಕಥೆಯೋ?

ಬಾಗಲಕೋಟೆಯ ಅಂಗಡಿಗಳಲ್ಲಿ ಅಕ್ಷರಮಾಲೆಯ ಮತ್ತು ಬಣ್ಣ ತುಂಬುವ ಪುಸ್ತಕಗಳು ಧಾರಾಳವಾಗಿ ಸಿಗುತ್ತವೆ. ಶಾಲೆಗೆ ಹೋಗಲು ಅಂಜುವ ಮಗುವಿಗೆ ಓದಿ ಹೇಳುವಂಥ ಕಥೆಪುಸ್ತಕ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ಜೂನ್‌ನಲ್ಲಿ ಎಲ್‌ಕೆಜಿಗೆ ಸೇರಲಿದ್ದ ಮಗಳಿಗಾಗಿ ಕೊನೆಗೆ ಎರಡು ಇಂಗ್ಲಿಷ್ ಚಿತ್ರಪುಸ್ತಕಗಳನ್ನು ಆನ್‌ಲೈನ್‌ನಲ್ಲಿ ತರಿಸಿದೆ: ಕೆವಿನ್ ಹೆಂಕಸ್ ಅವರ ‘ವೆಂಬರ್ಲಿ ವರೀಡ್’ (2000) ಮತ್ತು ಆಡ್ರಿ ಪೆನ್ ಅವರ ‘ದಿ ಕಿಸಿಂಗ್ ಹ್ಯಾಂಡ್’ (1993). ನಮ್ಮ ಮನೆಯಲ್ಲಿ ಗೆದ್ದದ್ದು ಮೊದಲನೆಯದು.

ಎರಡನೆಯದರ ಕಥೆ ಮುದ್ದಾಗಿದೆ. ಶಾಲೆಗೆ ಹೋಗಲೊಲ್ಲದ ಚೆಸ್ಟರ್ ಎಂಬ ರಕೂನ್ (ಅಮೆರಿಕದ ಒಂದು ಕಾಡುಪ್ರಾಣಿ) ಮರಿಯ ಅಂಗೈಗೆ ತಾಯಿ ಮುತ್ತಿಟ್ಟು, ಮನೆಯ ನೆನಪಾದಾಗ ಆ ಕೈಯನ್ನು ಕೆನ್ನೆಗೆ ಒತ್ತಿಕೊಳ್ಳಲು ಹೇಳುತ್ತಾಳೆ. ತೊಡಕು ಬಂದದ್ದು ಬೇರೆ ಕಡೆ. ರಕೂನ್ ರಾತ್ರಿ ಓಡಾಡುವ ಪ್ರಾಣಿಯಾದ್ದರಿಂದ ಚೆಸ್ಟರನ ಶಾಲೆ ನಡೆಯುವುದೂ ರಾತ್ರಿಯಲ್ಲಿಯೇ. ಮುತ್ತಿನ ಪುಟವನ್ನು ನಗುತ್ತ ನೋಡಿದ ಮಗಳು ಕತ್ತಲೆಯ ಪುಟ ಬಂದೊಡನೆ ನನ್ನ ಸೆರಗು ಹಿಡಿದು, “ಅವ್ವಾ, ನನ್ನೂ ರಾತ್ರಿ ಅಲ್ಲೇ ಬಿಟ್ಟ ಬರ್ತೀಯೇನ?” ಎಂದು ಕೇಳಿದಳು.

ಅವು ರಾತ್ರಿ ಎಚ್ಚರವಿದ್ದು ಹಗಲು ಮಲಗುವ ಪ್ರಾಣಿಗಳು, ನಿನ್ನ ಶಾಲೆ ಬೆಳಗ್ಗೆ ಆರಂಭವಾಗಿ ಮಧ್ಯಾಹ್ನದೊಳಗೆ ಬಿಡುತ್ತದೆ ಎಂದು ಎಷ್ಟು ಬಿಡಿಸಿ ಹೇಳಿದರೂ ಅವಳಿಗೆ ನಂಬಿಕೆ ಬರಲಿಲ್ಲ. ಮರುದಿನ ಊಟಕ್ಕೆ ಕುಳಿತಾಗಲೂ ಅದೇ ಪ್ರಶ್ನೆ. ಇಲ್ಲದ ಭಯವೊಂದನ್ನು ದುಡ್ಡು ಕೊಟ್ಟು ತಂದಂತಾಯಿತು ಎಂದು ಅತ್ತೆಯವರು ಆಡಿಕೊಂಡರು. ರಕೂನ್ ನೋಡಿ ಬಲ್ಲ ಅಮೆರಿಕದ ಮಕ್ಕಳಿಗೆ ಇದು ತೊಡಕೆನಿಸಲಿಕ್ಕಿಲ್ಲ. ಬಾಗಲಕೋಟೆಯ ನವನಗರದ ಮಗುವಿಗೆ ಪ್ರಾಣಿಯೂ ಹೊಸದು, ರಾತ್ರಿಶಾಲೆಯೂ ಹೊಸದು.

ವೆಂಬರ್ಲಿ ಎಂಬ ಇಲಿಮರಿಯಾದರೋ ಕಂಡದ್ದಕ್ಕೆಲ್ಲ ಚಿಂತಿಸುವ ಹುಡುಗಿ. ಗೋಡೆಯ ಬಿರುಕು, ಹುಟ್ಟುಹಬ್ಬಕ್ಕೆ ಯಾರೂ ಬಾರದಿದ್ದರೆ ಎಂಬ ಅಂಜಿಕೆ, ಕೊನೆಗೆ ಶಾಲೆ. ಬಚ್ಚಲು ಸಿಗದಿದ್ದರೆ, ತಿಂಡಿ ಸೇರದಿದ್ದರೆ, ಅಳು ಬಂದರೆ ಎಂದು ಸಾಲಾಗಿ ಬರುವ ಪ್ರಶ್ನೆಗಳ ಪುಟವೇ ನನಗೆ ಹೆಚ್ಚು ಉಪಯೋಗವಾಯಿತು, ಏಕೆಂದರೆ ಅದನ್ನು ಓದುತ್ತಿದ್ದಂತೆ ಮಗಳು ತನ್ನ ಚಿಂತೆಗಳನ್ನೂ ಸೇರಿಸತೊಡಗಿದಳು: ಡಬ್ಬಿಯ ಮುಚ್ಚಳ ತೆಗೆಯಲು ಬಾರದಿದ್ದರೆ? ಪಾಯಖಾನೆಗೆ ಹೋಗಬೇಕೆಂದು ಟೀಚರ್‌ಗೆ ಹೇಗೆ ಹೇಳುವುದು? ಉತ್ತರವಿರುವ ಪ್ರಶ್ನೆಗಳಿವು. ಸಡಿಲ ಮುಚ್ಚಳದ ಡಬ್ಬಿ ತಂದೆವು, ಟೀಚರ್‌ಗೆ ಹೇಳಬೇಕಾದ ಮಾತನ್ನು ರೂಢಿ ಮಾಡಿಸಿದೆವು. ತನ್ನಂತೆಯೇ ಗೊಂಬೆ ಹಿಡಿದು ಬಂದ ಜ್ಯೂಯೆಲ್ ಎಂಬ ಗೆಳತಿ ವೆಂಬರ್ಲಿಗೆ ಸಿಗುವ ಭಾಗವನ್ನು ಅವಳು ಮತ್ತೆ ಮತ್ತೆ ಓದಿಸುತ್ತಾಳೆ. ಹ್ಯಾಲೋವೀನ್ ಎಂಬ, ಮಕ್ಕಳು ವೇಷ ಹಾಕುವ ಅಮೆರಿಕದ ಹಬ್ಬದ ಪುಟವನ್ನು ಮಾತ್ರ ನಾನು ಹಾರಿಸಿಬಿಡುತ್ತೇನೆ.

ಪ್ರಥಮ್ ಬುಕ್ಸ್ ಎಂಬ ಪ್ರಕಾಶನ ಸಂಸ್ಥೆಯ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಕಥೆಗಳು ಉಚಿತವಾಗಿ ಸಿಗುತ್ತವೆ. ಆದರೆ ಮೊಬೈಲ್ ಕೈಗೆ ಬಂದರೆ ನಮ್ಮ ಮಗಳು ಕಥೆ ಬಿಟ್ಟು ಕಾರ್ಟೂನ್ ಕೇಳುತ್ತಾಳೆ.

ನಾನು ಮಲಗುವ ಮುನ್ನ ಇಂಗ್ಲಿಷ್ ಸಾಲನ್ನು ನೋಡುತ್ತ ನಮ್ಮ ಕಡೆಯ ಕನ್ನಡದಲ್ಲಿ ಹೇಳುತ್ತ ಹೋಗುವವಳು. ಆ ಹೊತ್ತಿನಲ್ಲಿ ಕತ್ತಲೆಯ ಕಥೆಗಿಂತ ಮಾತಿಗೆಳೆಯುವ ಕಥೆಯೇ ಅನುಕೂಲ. ಕೈಯಲ್ಲಿ ಒಂದೇ ಪುಸ್ತಕಕ್ಕಾಗುವಷ್ಟು ಹಣವಿದ್ದರೆ ವೆಂಬರ್ಲಿಯನ್ನು ಕೊಳ್ಳಿ. ತಾಯಿಯನ್ನು ಬಿಟ್ಟಿರುವುದೊಂದೇ ಮಗುವಿನ ಕಷ್ಟವಾಗಿದ್ದರೆ ರಕೂನಿನ ಕಥೆ ಆದೀತು, ಆದರೆ ಅದನ್ನು ಹಗಲಿನಲ್ಲಿ ಓದಿ.