ಮೊಡವೆ ಹಿಂಡಿಸ್ಕೊಳ್ಳೋಕೆ, ಹೆಸರಿಲ್ಲದ ಡಬ್ಬಿ ಕ್ರೀಮ್ ಹಚ್ಚೋಕೆ ಹೋಗ್ಬೇಡಿ

ನಮ್ ಕೋಲಾರದ ಕಡೆ ಹುಡುಗೀರು, ಹುಡುಗ್ರು, ಅವರ ಅಪ್ಪ ಅಮ್ಮ ದಯವಿಟ್ಟು ಪೂರ್ತಿ ಓದಿ. ನಮ್ ಚಿಕ್ಕಮ್ಮನ ಮಗಳಿಗೆ ಆಗಿದ್ದು ಇನ್ನೊಬ್ರಿಗೆ ಆಗ್ಬಾರ್ದು ಅಂತ ಅವಳನ್ನ ಕೇಳಿನೇ ಬರೀತಿದೀನಿ.

ಡಿಗ್ರಿ ಓದೋ ಹುಡುಗಿ, ಕೆನ್ನೆ ಮೇಲೆ ಮೊಡವೆ ಇತ್ತು, ಆ ವಯಸ್ಸಲ್ಲಿ ಯಾರಿಗಿರಲ್ಲ ಹೇಳಿ. ಮನೇಲಿ ಮದುವೆ ಹತ್ರ ಬಂತು, ಬಂದೋರೆಲ್ಲ ಏನಮ್ಮ ಮುಖ ಹಿಂಗಾಗಿದೆ ಅನ್ನೋರು, ಕೇಳಿ ಕೇಳಿ ಸಾಕಾಗಿ ಪಾಪ ಒಂದು ಪಾರ್ಲರ್‌ಗೆ ಹೋದ್ಲು. ಅಲ್ಲಿ ಕ್ಲೀನ್ ಮಾಡ್ತೀವಿ ಅಂತ ಕೀವು ತುಂಬಿದ್ದ ಮೊಡವೆಗೆಲ್ಲ ಸೂಜಿ ಚುಚ್ಚಿ ರಕ್ತ ಬರೋ ತನಕ ಹಿಂಡಿದಾರೆ, ಆಮೇಲೆ ಲೇಬಲ್ಲೇ ಇಲ್ಲದ ಬಿಳಿ ಡಬ್ಬಿ ಕೊಟ್ಟು ದಿನಾ ರಾತ್ರಿ ಹಚ್ಕೋ ಅಂದಿದಾರೆ.

ಮೋಸ ಇರೋದೇ ಇಲ್ಲಿ, ಶುರುನಲ್ಲಿ ಮುಖ ಫಳಫಳ ಅಂತಿತ್ತು. ಡಬ್ಬಿ ಮುಗಿದು ಹಚ್ಚೋದು ಬಿಟ್ಟಿದ್ದೇ ತಡ ಮುಖವೆಲ್ಲ ಉರಿ, ಕೆಂಪು, ಗುಳ್ಳೆ, ಅವರಪ್ಪನ ಜೊತೆ ಟೊಮೇಟೊ ತೋಟದಲ್ಲಿ ಸ್ವಲ್ಪ ಹೊತ್ತು ಬಿಸಿಲಿಗೆ ನಿಂತ್ರೂ ತಡ್ಕೊಳೋಕಾಗ್ತಿರ್ಲಿಲ್ಲ. ಸ್ಕಿನ್ ಡಾಕ್ಟರ್ ನೋಡಿ ಇದು ಸ್ಟೀರಾಯ್ಡ್ (ಉರಿಯೂತ ಇಳಿಸೋ ಜೋರಾದ ಔಷಧಿ) ಇರೋ ಕ್ರೀಮ್ ಹಚ್ಚಿರೋ ಮುಖ ಅಂದ್ರು. ಚರ್ಮ ತೆಳ್ಳಗಾಗಿ ಸಣ್ಣ ರಕ್ತನಾಳ ಕಾಣ್ತಿತ್ತು, ಕೆನ್ನೆ ಮೇಲೆ ಕೂದಲೂ ಬಂದಿತ್ತು.

ಡಾಕ್ಟರ್ ಹೇಳಿದ್ದು ಎಲ್ರಿಗೂ ಗೊತ್ತಿರ್ಬೇಕು. ಮೊಡವೆ ಹೋದ್ಮೇಲೆ ಉಳಿಯೋ ಕಪ್ಪು ಕಲೆ ಬೇರೆ, ಗುಳಿ ಬೇರೆ. ಉರಿಯೂತ ಆದ ಜಾಗದಲ್ಲಿ ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಜಾಸ್ತಿಯಾಗಿ ಕಲೆ ಬರುತ್ತೆ, ನಮ್ಮಂಥ ಕಂದು ಚರ್ಮದೋರಿಗೆ ಇದು ಜಾಸ್ತಿ, ತಿಂಗಳುಗಟ್ಟಲೆ ಟೈಮ್ ತಗೊಂಡ್ರೂ ಸಾಮಾನ್ಯವಾಗಿ ತಿಳಿಯಾಗುತ್ತೆ, ಬಿಸಿಲು ಬಿದ್ರೆ ಮಾತ್ರ ಇನ್ನೂ ಗಾಢ ಆಗುತ್ತೆ, ಅದಕ್ಕೇ ಎಸ್‌ಪಿಎಫ್ (ಬಿಸಿಲಿಂದ ಎಷ್ಟು ರಕ್ಷಣೆ ಅನ್ನೋ ಅಂಕಿ) 30 ಅಥವಾ ಮೇಲಿನ ಸನ್‌ಸ್ಕ್ರೀನ್ ಹಚ್ಚೋಕೆ ಹೇಳೋದು. ಗುಳಿ ಹಂಗಲ್ಲ. ಹಿಂಡಿದಾಗ ಕೀವು ಹೊರಗೆ ಬರೋದ್ರ ಜೊತೆ ಒಳಕ್ಕೂ ನುಗ್ಗುತ್ತೆ, ರೋಮಕೂಪದ ಗೋಡೆ ಒಡೆದು ಉರಿಯೂತ ಆಳಕ್ಕಿಳಿದು ಚರ್ಮನ ಗಟ್ಟಿಯಾಗಿ ಹಿಡಿದಿಡೋ ಕೊಲಾಜೆನ್ ಹಾಳಾಗುತ್ತೆ. ಅಲ್ಲಿ ಬಿದ್ದ ಗುಳೀನ ಅಂಗಡಿಯ ಯಾವ ಕ್ರೀಮೂ ತುಂಬಲ್ಲ, ನಿಂಬೆರಸ, ಟೂತ್‌ಪೇಸ್ಟ್ ಹಚ್ಚಿದ್ರೆ ಸುಟ್ಟು ಇನ್ನೊಂದು ಕಲೆ ಬರುತ್ತೆ ಅಷ್ಟೆ.

ಸೂಜಿಮೊನೆ ಥರ ಆಳವಾದ ಗುಳಿಗೆ ಡಾಕ್ಟರೇ ಗುಳಿಯೊಳಗೆ ಹಚ್ಚೋ ಆಸಿಡ್ ಟ್ರೀಟ್‌ಮೆಂಟ್, ಅಗಲವಾಗಿ ತಗ್ಗಾಗಿರೋದಕ್ಕೆ ಸಬ್‌ಸಿಷನ್ (ಗುಳೀನ ಒಳಕ್ಕೆ ಎಳೆಯೋ ಎಳೆಗಳನ್ನ ಚರ್ಮದಡಿ ಸೂಜಿಯಿಂದ ಬಿಡಿಸೋದು), ಮೈಕ್ರೋನೀಡ್ಲಿಂಗ್ (ಸಣ್ಣ ಸಣ್ಣ ಸೂಜಿಯಿಂದ ಚುಚ್ಚಿ ಹೊಸ ಕೊಲಾಜೆನ್ ಬರಿಸೋದು), ಲೇಸರ್ ಎಲ್ಲ ಇದೆ. ಆದ್ರೆ ಮೊದ್ಲು ಹೊಸ ಮೊಡವೆ ನಿಲ್ಲಬೇಕು, ಸಿಟ್ಟಿಂಗ್ ಮೇಲೆ ಸಿಟ್ಟಿಂಗ್ ಬೇಕು, ಖರ್ಚು ಬೇರೆ, ಇಷ್ಟಾದ್ರೂ ಪೂರ್ತಿ ಮೊದಲಿನ ಥರ ಆಗುತ್ತೆ ಅಂತ ಪ್ರಾಮಾಣಿಕ ಡಾಕ್ಟರ್ ಯಾರೂ ಹೇಳಲ್ಲ. ಈ ಹುಡುಗಿಗೆ ಇನ್ನೂ ಗುಳಿ ಟ್ರೀಟ್‌ಮೆಂಟ್ ಶುರುನೇ ಆಗಿಲ್ಲ, ಮೊದ್ಲು ಆ ಉರಿ ಇಳೀಬೇಕಂತೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಮೆಡಿಕಲ್ ಶಾಪಲ್ಲಿ ಕೇಳಿ ತರೋ ಟ್ಯೂಬೂ ನೋಡಿ ತಗೊಳ್ಳಿ. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತಿದ್ರೆ ಅದು ಸ್ಟೀರಾಯ್ಡು. 2018ರಲ್ಲಿ ಕೇಂದ್ರ ಸರ್ಕಾರನೇ ಇಂಥ ಕ್ರೀಮ್‌ಗಳನ್ನ ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಅಂದ್ರೆ ಡಾಕ್ಟರ್ ಚೀಟಿ ಇಲ್ದೆ ಮಾರಂಗಿಲ್ಲ. ಆಗ್ಲೇ ಹಚ್ತಾ ಇದ್ರೆ ಗಾಬರಿಯಾಗಿ ಒಂದೇ ಸಲ ಬಿಡ್ಬೇಡಿ, ಆ ಟ್ಯೂಬೋ ಡಬ್ಬಿನೋ ಕೈಯಲ್ಲೇ ಹಿಡ್ಕೊಂಡು ಸ್ಕಿನ್ ಡಾಕ್ಟರ್ ಹತ್ರ ಹೋಗಿ, ಹೆಂಗೆ ನಿಲ್ಲಿಸ್ಬೇಕು ಅಂತ ಅವರು ಹೇಳ್ತಾರೆ. ಚರ್ಮದೊಳಗೆ ಗಟ್ಟಿಯಾಗಿ ನೋಯೋ ದೊಡ್ಡ ಮೊಡವೆ ಇರೋರಂತೂ ಕಾಯ್ಬೇಡಿ, ಗುಳಿ ಬಿಡೋದು ಹೆಚ್ಚಾಗಿ ಅವೇ.